ಗೇರ್‌ಬಾಕ್ಸಿನ ಬಿಸಿ, ಚಾಲಕನ ಸಂಬಳ

(ಪಿಕಪ್ ವಾಹನ ಚಾಲಕರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಶಿಬಿರದ ಕಾರ್ಯಕ್ರಮ ಪಟ್ಟಿಯಲ್ಲಿ ನನ್ನ ಹೆಸರಿನ ಎದುರು "ಆಟೋಮ್ಯಾಟಿಕ್ ಗೇರ್ ಮತ್ತು ಬಿಸಿ" ಅಂತ ಇರುವುದನ್ನು ನೋಡಿ ಹಿಂದಿನ ಸಾಲಿನವರು ನಕ್ಕದ್ದನ್ನು ನಾನು ಗಮನಿಸಿದ್ದೇನೆ. ನಗಬಹುದು, ತೊಂದರೆ ಇಲ್ಲ. ನಾನು ಕಲಿತದ್ದು ಸಮಾಜಕಾರ್ಯ, ಎಂಜಿನಿಯರಿಂಗ್ ಅಲ್ಲ. ಆದರೆ ಒಂದು ಮನೆಗೆ ಸಂಬಳ ಯಾಕೆ ಬರಲಿಲ್ಲ ಅಂತ ವಿಚಾರಿಸುತ್ತಾ ಹೋದರೆ ಕೆಲವು ಸಲ ಸಾರಾಯಿ ಅಂಗಡಿಗೆ ಹೋಗಿ ತಲುಪುತ್ತೇವೆ, ಕೆಲವು ಸಲ ಆಸ್ಪತ್ರೆಗೆ. ಒಮ್ಮೆ ನಾನು ಹೋಗಿ ತಲುಪಿದ್ದು ಒಂದು ಸುಟ್ಟ ಗೇರ್‌ಬಾಕ್ಸಿಗೆ. ಆಮೇಲೆ ಆ ವಿಷಯವನ್ನು ಬಿಡಲಿಲ್ಲ. ವರ್ಕ್‌ಶಾಪಿನವರ ಪಕ್ಕದಲ್ಲಿ ನಿಂತು ಕೇಳಿದೆ, ವಾಹನದ ಜೊತೆ ಬರುವ ಪುಸ್ತಕಗಳನ್ನು ಓದಿದೆ. ಅದರಲ್ಲಿ ನಿಮಗೆ ಉಪಯೋಗಕ್ಕೆ ಬರುವುದನ್ನು ಇವತ್ತು ಹೇಳುತ್ತೇನೆ.

ನಿಮ್ಮಲ್ಲಿ ಹೆಚ್ಚಿನವರು ಓಡಿಸುವುದು ಬೊಲೆರೊ ಪಿಕಪ್, ಟಾಟಾ ಏಸ್. ಅದರಲ್ಲಿ ಕ್ಲಚ್ ಉಂಟು, ಗೇರು ನೀವೇ ಹಾಕಬೇಕು. ಹಾಗಾದರೆ ಆಟೋಮ್ಯಾಟಿಕ್ ನಮಗ್ಯಾಕೆ ಅಂತ ಕೇಳಬಹುದು. ಮೊದಲನೆಯದು, ನಿಮ್ಮಲ್ಲಿ ಏಳೆಂಟು ಮಂದಿ ಗಲ್ಫ್ ವೀಸಾಕ್ಕೆ ಕಾಯುತ್ತಾ ಇದ್ದೀರಿ. ಅಲ್ಲಿ ಆಟೋಮ್ಯಾಟಿಕ್ ಗಾಡಿ ಕೈಗೆ ಸಿಗುವ ಸಂಭವ ಇಲ್ಲಿಗಿಂತ ಬಹಳ ಹೆಚ್ಚು. ಎರಡನೆಯದು, ಇಲ್ಲಿಯೂ ಅದು ಬಂದಾಗಿದೆ. ಇಸುಜು ವಿ-ಕ್ರಾಸ್ ಡೀಸೆಲ್ ಪಿಕಪ್ಪಿಗೆ 2019ರಲ್ಲಿ ಆಟೋಮ್ಯಾಟಿಕ್ ಗೇರ್ ಬಂತು. ಟೊಯೊಟಾ ಹೈಲಕ್ಸ್ 2022ರಲ್ಲಿ ಭಾರತಕ್ಕೆ ಬಂತು, ಅದರಲ್ಲೂ ಆರು ಗೇರಿನ ಆಟೋಮ್ಯಾಟಿಕ್ ಉಂಟು. ಎಸ್ಟೇಟಿನ ಧಣಿಗಳು, ರೆಸಾರ್ಟಿನವರು ಇಂಥ ಗಾಡಿ ತೆಗೆದುಕೊಂಡು ಕೀ ಕೊಡುವುದು ಯಾರ ಕೈಗೆ? ನಿಮ್ಮ ಕೈಗೆ.

ಒಂದು ಮಾತು ಮೊದಲೇ ಸ್ಪಷ್ಟ ಮಾಡುತ್ತೇನೆ. ಎಡಗಾಲಿಗೆ ಕೆಲಸ ಇಲ್ಲದ ಎಲ್ಲ ಗಾಡಿಯನ್ನೂ ನಾವು ಆಟೋಮ್ಯಾಟಿಕ್ ಎನ್ನುತ್ತೇವೆ. ಸಣ್ಣ ಕಾರುಗಳಲ್ಲಿ ಬರುವ ಎಎಂಟಿ ಎಂಬುದು ಮಾಮೂಲಿ ಕ್ಲಚ್ಚೇ. ಅದನ್ನು ಕಾಲಿನ ಬದಲು ಯಂತ್ರ ಒತ್ತುತ್ತದೆ, ಅಷ್ಟೆ. ನಾನು ಹೇಳುವುದು ಅದರ ವಿಷಯ ಅಲ್ಲ. ಟಾರ್ಕ್ ಕನ್ವರ್ಟರ್ ಇರುವ, ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಗೇರ್‌ಬಾಕ್ಸಿನ ವಿಷಯ. ದೊಡ್ಡ ಪಿಕಪ್‌ಗಳಲ್ಲಿ ಇರುವುದು ಅದು.

ಅದರೊಳಗೆ ಏನು ನಡೆಯುತ್ತದೆ? ಎರಡು ಚಕ್ರಗಳು ಎದುರುಬದುರಾಗಿ ಕೂತಿರುತ್ತವೆ, ಎರಡಕ್ಕೂ ಒಳಗೆ ರೆಕ್ಕೆಗಳುಂಟು. ಒಂದನ್ನು ಎಂಜಿನ್ ತಿರುಗಿಸುತ್ತದೆ. ಇನ್ನೊಂದು ಗೇರಿನ ಕಡೆ ಸೇರಿದ್ದು. ನಡುವೆ ಗಟ್ಟಿ ಸಂಪರ್ಕ ಇಲ್ಲ, ಎಣ್ಣೆ ಮಾತ್ರ. ಮೊದಲನೆಯದು ಎಣ್ಣೆಯನ್ನು ಎರಚುತ್ತದೆ, ಆ ರಭಸಕ್ಕೆ ಎರಡನೆಯದು ತಿರುಗುತ್ತದೆ. ಗಾಡಿ ನಿಂತಿರುವಾಗಲೂ ಎಂಜಿನ್ ಬಂದ್ ಬೀಳುವುದಿಲ್ಲ ಎಂಬುದೇ ಇದರ ಅನುಕೂಲ. ತೊಂದರೆಯೂ ಅದರಲ್ಲೇ ಉಂಟು. ಮನೆಯಲ್ಲಿ ಮಿಕ್ಸಿಯಲ್ಲಿ ಚಟ್ನಿ ಮಾಡುವಾಗ ನೋಡಿದ್ದೀರಾ? ಹೆಚ್ಚು ಹೊತ್ತು ತಿರುಗಿಸಿದರೆ ಚಟ್ನಿ ಬೆಚ್ಚಗಾಗಿರುತ್ತದೆ. ಒಲೆ ಹಚ್ಚಲಿಲ್ಲ, ಬೆಂಕಿ ಇಲ್ಲ, ತಿರುಗಿಸಿದ್ದು ಮಾತ್ರ. ಟಾರ್ಕ್ ಕನ್ವರ್ಟರಿನಲ್ಲೂ ಹಾಗೆಯೇ. ಎರಡು ಚಕ್ರಗಳ ವೇಗದಲ್ಲಿ ಎಷ್ಟು ವ್ಯತ್ಯಾಸವೋ ಅಷ್ಟು ಶಕ್ತಿ ಎಣ್ಣೆಯನ್ನು ಕಲಕುವುದಕ್ಕೇ ಹೋಗಿ ಬಿಸಿಯಾಗುತ್ತದೆ.

ಹೆದ್ದಾರಿಯಲ್ಲಿ ವೇಗ ಬಂದ ಮೇಲೆ ಲಾಕಪ್ ಕ್ಲಚ್ ಎಂಬುದು ಕೂತು ಎರಡೂ ಚಕ್ರಗಳನ್ನು ಒಟ್ಟಿಗೆ ಹಿಡಿಯುತ್ತದೆ. ಆಗ ಜಾರುವಿಕೆ ಇಲ್ಲ, ಬಿಸಿಯೂ ಇಳಿಯುತ್ತದೆ. ಎದುರಿನಿಂದ ಗಾಳಿಯೂ ಚೆನ್ನಾಗಿ ಬೀಳುತ್ತದೆ. ಆದರೆ ಪೇಟೆಯ ಒಳಗೆ? ಬಂದರಿನಿಂದ ಲೋಡ್ ಹಾಕಿಕೊಂಡು ಹಂಪನಕಟ್ಟೆಗೆ ಏರಿ, ಅಲ್ಲಿಂದ ಜ್ಯೋತಿ ವೃತ್ತ, ಬಲ್ಮಠ ಅಂತ ಹೊರಟರೆ ಲಾಕಪ್ ಕೂರುವಷ್ಟು ವೇಗ ಸಿಗುವುದು ಎಷ್ಟು ಹೊತ್ತು? ಹತ್ತು ಮೀಟರ್ ಹೋಗು, ನಿಲ್ಲು, ಮತ್ತೆ ಹತ್ತು ಮೀಟರ್, ಅದೂ ಏರಿನಲ್ಲಿ. ಗಾಳಿ ಇಲ್ಲ, ಎದುರಿನ ಬಸ್ಸಿನ ಹೊಗೆ ಮಾತ್ರ. ಎ.ಸಿ. ಹಾಕಿದರೆ ಅದರ ಕಂಡೆನ್ಸರ್ ಕೂಡ ಮುಂದುಗಡೆಯೇ ಕೂತು ತನ್ನ ಬಿಸಿಯನ್ನು ರೇಡಿಯೇಟರಿನ ಮೇಲೆ ಬಿಡುತ್ತದೆ. ಹಾಗಾಗಿ ಘಾಟಿ ಹತ್ತಿದರೆ ಮಾತ್ರ ಗಾಡಿಗೆ ಕಷ್ಟ ಎಂಬ ನಮ್ಮ ಲೆಕ್ಕಾಚಾರ ಇಲ್ಲಿ ಪೂರ್ತಿ ಸರಿ ಹೊಂದುವುದಿಲ್ಲ. ಖಾಲಿ ಗಾಡಿಯಲ್ಲಿ ಹೆದ್ದಾರಿಗೆ ಹೋಗುವುದಕ್ಕಿಂತ ಲೋಡ್ ಗಾಡಿಯಲ್ಲಿ ಎರಡು ಕಿಲೋಮೀಟರ್ ಪೇಟೆ ದಾಟುವುದು ಆ ಎಣ್ಣೆಗೆ ಹೆಚ್ಚು ಕಷ್ಟ.

ಇನ್ನು ಡೀಸೆಲ್ ಎಂಜಿನ್ನಿನ ಗುಣ. ಕಡಿಮೆ ಸುತ್ತಿನಲ್ಲೇ ಬಹಳ ಎಳೆತ ಕೊಡುವುದು ಅದರ ಹೆಗ್ಗಳಿಕೆ. ಆ ಎಳೆತವೆಲ್ಲ ಮೊದಲು ಬೀಳುವುದು ಗೇರ್‌ಬಾಕ್ಸಿನ ಮೇಲೆ. ಈ ಕಷ್ಟವನ್ನು ಮೊದಲು ಚೆನ್ನಾಗಿ ಅನುಭವಿಸಿದವರು ಅಮೆರಿಕದವರು. ಅಲ್ಲಿ ಡಾಡ್ಜ್ ಪಿಕಪ್ಪಿಗೆ 1989ರಲ್ಲಿ ಕಮಿನ್ಸ್ ಕಂಪೆನಿಯ 5.9 ಲೀಟರ್ ಡೀಸೆಲ್ ಎಂಜಿನ್ ಹಾಕಿದರು. ಎಳೆತ ಸುಮಾರು 540 ನ್ಯೂಟನ್ ಮೀಟರ್. ಅದರ ಜೊತೆ ಕೊಟ್ಟ ಆಟೋಮ್ಯಾಟಿಕ್ ಬಾಕ್ಸಿಗೆ ಇದ್ದದ್ದು ಮೂರೇ ಗೇರು, ಲಾಕಪ್ ಇರಲಿಲ್ಲ. ಯಾವಾಗಲೂ ಜಾರುತ್ತಲೇ ಓಡಬೇಕು. ಜನರಲ್ ಮೋಟಾರ್ಸ್ 2001ರ ಮಾದರಿಯಲ್ಲಿ ಹೊಸ ಡೀಸೆಲ್ ತಂದಾಗ, ಭಾರೀ ವಾಹನಗಳ ಗೇರ್‌ಬಾಕ್ಸಿಗೆ ಹೆಸರಾದ ಆಲಿಸನ್‌ನ ಬಾಕ್ಸನ್ನೇ ಪಿಕಪ್ಪಿಗೆ ಕೂರಿಸಿತು. ಅಲ್ಲಿನ ಎಷ್ಟೋ ಮಾಲೀಕರು ಗೇರ್ ಎಣ್ಣೆಯ ಬಿಸಿ ನೋಡಲು ಪ್ರತ್ಯೇಕ ಮೀಟರ್ ಹಾಕಿಕೊಳ್ಳುತ್ತಿದ್ದರು. ಈಗ ನಮ್ಮಲ್ಲಿ ಬರುವ ಆಟೋಮ್ಯಾಟಿಕ್ ಹೈಲಕ್ಸಿನ 2.8 ಲೀಟರ್ ಎಂಜಿನ್ ಕೊಡುವುದು 500 ನ್ಯೂಟನ್ ಮೀಟರ್. ಎಂಜಿನ್ ಅರ್ಧಕ್ಕೆ ಇಳಿದಿದೆ, ಎಳೆತ ಹೆಚ್ಚುಕಡಿಮೆ ಅಷ್ಟೇ ಉಳಿದಿದೆ! ಬಾಕ್ಸು ಸುಧಾರಿಸಿದೆ, ಲಾಕಪ್ ಉಂಟು, ಒಳ್ಳೆಯ ಎಣ್ಣೆ ಉಂಟು. ಆದರೆ ಜಾರಿದರೆ ಬಿಸಿಯಾಗುವುದು ಬದಲಾಗಿಲ್ಲ.

ಈಗ ನೀವು ಗಮನ ಕೊಡಬೇಕಾದ ಮುಖ್ಯ ವಿಷಯ. ಡ್ಯಾಶ್‌ಬೋರ್ಡಿನಲ್ಲಿ ಕಾಣುವ ಟೆಂಪರೇಚರ್ ಮುಳ್ಳು ಎಂಜಿನ್ ನೀರಿನದ್ದು, ಗೇರ್ ಎಣ್ಣೆಯದ್ದಲ್ಲ. ಡೀಸೆಲ್ ಎಂಜಿನ್ ಐಡಲ್‌ನಲ್ಲಿ ನಿಂತಾಗ ಅಷ್ಟೇನೂ ಬಿಸಿಯಾಗುವುದಿಲ್ಲ, ಮುಳ್ಳು ನಡುವಿನಲ್ಲಿ ಆರಾಮವಾಗಿ ಕೂತಿರುತ್ತದೆ. ಅದೇ ಹೊತ್ತಿಗೆ ಕೆಳಗೆ ಗೇರ್ ಎಣ್ಣೆ ನಿಧಾನವಾಗಿ ಏರುತ್ತಾ ಇರಬಹುದು. ಎಷ್ಟೋ ಗಾಡಿಗಳಲ್ಲಿ ಅದಕ್ಕೆ ಮೀಟರೇ ಇಲ್ಲ, ಒಂದು ಎಚ್ಚರಿಕೆಯ ದೀಪ ಮಾತ್ರ. ಆ ದೀಪ ಹತ್ತುವುದು ಬಹಳ ತಡವಾಗಿ. ಹಾಗಾದರೆ ಹೇಗೆ ತಿಳಿಯುವುದು? ಸ್ಟಿಯರಿಂಗಿನ ಕೆಳಗೆ ಓಬಿಡಿ ಅಂತ ಒಂದು ಸಾಕೆಟ್ ಇರುತ್ತದೆ. ವರ್ಕ್‌ಶಾಪಿನವರು ಸ್ಕ್ಯಾನರ್ ಚುಚ್ಚುವುದು ಅದಕ್ಕೇ. ಅದಕ್ಕೆ ಹಾಕುವ ಸಣ್ಣ ಬ್ಲೂಟೂತ್ ರೀಡರ್ ಅಂಗಡಿಯಲ್ಲಿ ಸಿಗುತ್ತದೆ, ಮೊಬೈಲಿನಲ್ಲಿ ಅಂಕೆ ಕಾಣುತ್ತದೆ. ಗೇರ್ ಎಣ್ಣೆಯ ಬಿಸಿಯನ್ನು ಎಲ್ಲ ರೀಡರುಗಳೂ ತೋರಿಸುವುದಿಲ್ಲ. ನಿಮ್ಮ ಗಾಡಿಗೆ ತೋರಿಸುತ್ತದಾ ಅಂತ ನೋಡಿಯೇ ತೆಗೆದುಕೊಳ್ಳಿ.

ಅಂಕೆಗಳನ್ನು ಬರೆದುಕೊಳ್ಳಿ. ಲೋಡ್ ಗಾಡಿಯ ಕಾರ್ಟರಿನಲ್ಲಿ, ಅಂದರೆ ಕೆಳಗಿನ ಎಣ್ಣೆ ತಟ್ಟೆಯಲ್ಲಿ, 75ರಿಂದ 95 ಡಿಗ್ರಿ ಸೆಲ್ಸಿಯಸ್ ಇದ್ದರೆ ಚಿಂತೆ ಬೇಡ. ಹೊಸ ಮಾದರಿಗಳಲ್ಲಿ ಡೀಸೆಲ್ ಉಳಿಸಲು ಬೇಕೆಂತಲೇ ಸ್ವಲ್ಪ ಬಿಸಿಯಾಗಿ ಇಡುತ್ತಾರೆ, ಅಲ್ಲಿ ನೂರರ ಹತ್ತಿರ ಕಂಡರೂ ಗಾಬರಿ ಬೇಡ. 105 ದಾಟಿದರೆ ಎಣ್ಣೆ ಒಳಗೆ ಅಂಟು ಪದರ ಕಟ್ಟಲು ಸುರುವಾಗುತ್ತದೆ. 115ರ ಮೇಲೆ ರಬ್ಬರ್ ಸೀಲುಗಳು ಗಟ್ಟಿಯಾಗುತ್ತವೆ. 125–130ಕ್ಕೆ ಹೋದರೆ ಒಳಗಿನ ಪ್ಲೇಟುಗಳೇ ಜಾರಲು ತೊಡಗುತ್ತವೆ, ಜಾರಿದರೆ ಮತ್ತಷ್ಟು ಬಿಸಿ. ವರ್ಕ್‌ಶಾಪುಗಳಲ್ಲಿ ಒಂದು ಹಳೆಯ ಲೆಕ್ಕ ಉಂಟು: 80 ಡಿಗ್ರಿಯಲ್ಲಿ ಓಡುವ ಎಣ್ಣೆ 1,60,000 ಕಿಲೋಮೀಟರ್ ಬಾಳಿದರೆ, ಪ್ರತಿ 11 ಡಿಗ್ರಿ ಏರಿದಂತೆ ಆಯುಷ್ಯ ಅರ್ಧ. 91ಕ್ಕೆ 80,000, 102ಕ್ಕೆ 40,000, 113ಕ್ಕೆ 20,000. ಇದು ಹಳೆಯ ಕಾಲದ ಎಣ್ಣೆಗೆ ಮಾಡಿದ ಲೆಕ್ಕ, ಈಗಿನ ಸಿಂಥೆಟಿಕ್ ಎಣ್ಣೆ ಇದಕ್ಕಿಂತ ಹೆಚ್ಚು ತಡೆಯುತ್ತದೆ. ಆದರೂ ಏರುವ ಕ್ರಮ ಹೇಗೆ ಅಂತ ತಿಳಿಯಲು ಸಾಕು.

ಇನ್ನೊಂದು ಗೊಂದಲ ಬೇಡ. ಟಾರ್ಕ್ ಕನ್ವರ್ಟರಿನಿಂದ ಹೊರಬರುವ ಪೈಪಿನಲ್ಲಿ ಅಳೆದರೆ, ಒಂದು ಏರು ಹತ್ತುವಾಗ ಅಂಕೆ ತಟ್ಟನೆ ಇಪ್ಪತ್ತು ಮೂವತ್ತು ಡಿಗ್ರಿ ಹಾರಬಹುದು, ಮತ್ತೆ ಇಳಿಯುತ್ತದೆ. ತಟ್ಟೆಯಲ್ಲಿ ಅಳೆದದ್ದು ನಿಧಾನ ಏರುತ್ತದೆ, ನಿಧಾನ ಇಳಿಯುತ್ತದೆ. ನಾನು ಈಗ ಹೇಳಿದ ಅಂಕೆಗಳು ತಟ್ಟೆಯವು.

ಇನ್ನು ನಿಮ್ಮ ಕಾಲಿನ ಅಭ್ಯಾಸಕ್ಕೆ ಬರೋಣ. ಇದನ್ನು ಹೇಳುವಾಗ ಯಾರೂ ಬೇಸರ ಮಾಡಬೇಡಿ. ಏರಿನಲ್ಲಿ ಸಿಗ್ನಲ್ ಬಿದ್ದರೆ ನಾವು ಏನು ಮಾಡುತ್ತೇವೆ? ಬ್ರೇಕ್ ಹಿಡಿಯದೆ ಹಾಫ್ ಕ್ಲಚ್ಚಿನಲ್ಲಿ ಗಾಡಿಯನ್ನು ತೂಗಿಸಿ ನಿಲ್ಲಿಸುತ್ತೇವೆ. ಅದು ನಮಗೆ ಒಂದು ಜಾಣತನ. ಆಟೋಮ್ಯಾಟಿಕ್‌ನಲ್ಲೂ ಅದೇ ಅಭ್ಯಾಸ ಬರುತ್ತದೆ. ಬ್ರೇಕ್ ಬಿಟ್ಟು, ಆಕ್ಸಿಲರೇಟರ್ ಸ್ವಲ್ಪ ಒತ್ತಿ, ಗಾಡಿ ಹಿಂದಕ್ಕೂ ಬಾರದೆ ಮುಂದಕ್ಕೂ ಹೋಗದೆ ನಿಲ್ಲುವ ಹಾಗೆ ಹಿಡಿಯುತ್ತಾರೆ. ಆಗ ಚಕ್ರ ತಿರುಗುವುದೇ ಇಲ್ಲ, ಎಂಜಿನ್ ಕೊಟ್ಟ ಅಷ್ಟೂ ಶಕ್ತಿ ಎಣ್ಣೆಯ ಬಿಸಿಯಾಗುತ್ತದೆ. ಲೆಕ್ಕ ನೋಡಿ: ಎಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗುತ್ತಾ 100 ನ್ಯೂಟನ್ ಮೀಟರ್ ಎಳೆತ ಕೊಟ್ಟರೆ ಹದಿನೈದು ಕಿಲೋವ್ಯಾಟಿಗಿಂತ ಹೆಚ್ಚು. ಸಾವಿರ ವ್ಯಾಟಿನ ಹದಿನೈದು ಇಸ್ತ್ರಿಪೆಟ್ಟಿಗೆಗಳನ್ನು ಎಂಟು ಲೀಟರ್ ಎಣ್ಣೆಯಲ್ಲಿ ಮುಳುಗಿಸಿ ಸ್ವಿಚ್ ಹಾಕಿದ ಹಾಗೆ. ಕೂಲರ್ ಇಲ್ಲದೆ, ಸುತ್ತಲಿನ ಲೋಹ ಹೀರಿಕೊಳ್ಳದೆ ಇದ್ದರೆ ಆ ಎಣ್ಣೆ ಒಂದೊಂದು ಸೆಕೆಂಡಿಗೆ ಒಂದು ಡಿಗ್ರಿ ಏರುತ್ತದೆ. ಸಿಗ್ನಲ್ ಎಷ್ಟು ಸೆಕೆಂಡು ಅಂತ ನಿಮಗೇ ಗೊತ್ತು.

ಹಾಗಾಗಿ ಏರಿನಲ್ಲಿ ಬ್ರೇಕ್ ಹಿಡಿಯಿರಿ, ಬೇಕಾದರೆ ಹ್ಯಾಂಡ್‌ಬ್ರೇಕ್ ಹಾಕಿ. ಒಂದು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿದ್ದರೆ 'ಎನ್'ಗೆ ಹಾಕಿ ಹ್ಯಾಂಡ್‌ಬ್ರೇಕ್ ಹಾಕಬಹುದು. ಹತ್ತು ಸೆಕೆಂಡಿಗೊಮ್ಮೆ ಡಿ, ಎನ್, ಡಿ, ಎನ್ ಅಂತ ಆಡಿಸುವುದು ಬೇಡ, ಅದೂ ಸವೆತವೇ. ಎಡಗಾಲನ್ನು ಬ್ರೇಕಿನ ಮೇಲೆ ಇಟ್ಟುಕೊಂಡು ಎರಡು ಕಾಲಿನಲ್ಲಿ ಓಡಿಸಲೇಬಾರದು. ಮುಂದಿನ ಗಾಡಿ ಒಂದು ಗಜ ಸರಿದ ಕೂಡಲೇ ನಾವೂ ಸರಿಯಬೇಕೆಂಬ ಹಟ ಬಿಡಿ, ಸ್ವಲ್ಪ ಜಾಗ ಆಗಲಿ, ಆಮೇಲೆ ಒಟ್ಟಿಗೆ ಹೋಗಿ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ. ನಿಧಾನದ ಏರಿನಲ್ಲಿ ಗೇರು ಮೇಲೆ ಕೆಳಗೆ ಹಾರುತ್ತಾ ಇದ್ದರೆ ಲಿವರನ್ನು ಕೆಳಗಿನ ಗೇರಿಗೆ ಕಟ್ಟಿಹಾಕಿ. ತೋಟದ ಮಣ್ಣಿನ ದಾರಿಯಲ್ಲಿ ಲೋಡ್ ಎಳೆಯುವಾಗ ಫೋರ್ ವೀಲ್ ಲೋ ಬಳಸಿದರೆ ಜಾರುವಿಕೆ ಬಹಳ ಕಡಿಮೆ. ಆದರೆ ಗಟ್ಟಿ ಡಾಂಬರು ರಸ್ತೆಯಲ್ಲಿ ಅದನ್ನು ಹಾಕಬಾರದು. ಮತ್ತೆ, ಚಾರ್ಮಾಡಿ ಇಳಿಯುವಾಗ ಡೀಸೆಲ್ ಉಳಿಸುವುದಕ್ಕೆ ನ್ಯೂಟ್ರಲ್ ಮಾಡುವವರು ಇಲ್ಲಿ ಇದ್ದೀರಿ. ಯಾರು ಅಂತ ಕೇಳುವುದಿಲ್ಲ. ಆಟೋಮ್ಯಾಟಿಕ್‌ನಲ್ಲಂತೂ ಅದು ಬೇಡವೇ ಬೇಡ, ಎಂಜಿನ್ ಬ್ರೇಕಿಂಗೂ ಇಲ್ಲ, ಗೇರಿಗೂ ಕೇಡು.

ಎಚ್ಚರಿಕೆ ದೀಪ ಹತ್ತಿದರೆ ಕೂಡಲೇ ಕೀ ತೆಗೆಯಬೇಕು ಅಂತ ಅನಿಸುತ್ತದೆ. ಹಾಗೆ ಮಾಡಬೇಡಿ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, 'ಪಿ'ಗೆ ಹಾಕಿ, ಎಂಜಿನ್ ಐಡಲ್‌ನಲ್ಲಿ ಓಡುತ್ತಿರಲಿ. ಎಂಜಿನ್ ತಿರುಗಿದರೆ ಮಾತ್ರ ಪಂಪು ಎಣ್ಣೆಯನ್ನು ಕೂಲರಿಗೆ ಕಳಿಸುತ್ತದೆ. ಕೀ ತೆಗೆದರೆ ಬಿಸಿ ಎಣ್ಣೆ ಇದ್ದಲ್ಲೇ ಕೂತು ಸೀಲುಗಳನ್ನು ಬೇಯಿಸುತ್ತದೆ. ದೀಪ ಆರಿದ ಮೇಲೆ ನಿಧಾನ ಹೊರಡಿ. ಹೊಗೆ ಅಥವಾ ಎಣ್ಣೆ ಸೋರುವುದು ಕಂಡರೆ ಮಾತ್ರ ಬಂದ್ ಮಾಡಿ ದೂರ ನಿಲ್ಲಿ, ಸುಡುವ ಎಕ್ಸಾಸ್ಟಿನ ಮೇಲೆ ಆ ಎಣ್ಣೆ ಬಿದ್ದರೆ ಬೆಂಕಿ ಹಿಡಿಯಬಹುದು.

ಎಣ್ಣೆಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಒಳ್ಳೆಯದಿರುವಾಗ ಸಾಮಾನ್ಯವಾಗಿ ಕೆಂಪು, ಹಾಳಾದರೆ ಕಂದು ಕಪ್ಪು, ಸುಟ್ಟ ವಾಸನೆ. ಕೆಂಪು ಎಣ್ಣೆಯೆಲ್ಲ ಒಂದೇ ಅಲ್ಲ, ಪುಸ್ತಕದಲ್ಲಿ ಬರೆದ ನಮೂನೆಯನ್ನೇ ಹಾಕಬೇಕು. "ಜೀವಮಾನಕ್ಕೆ ಒಂದೇ ಎಣ್ಣೆ ಸಾಕು" ಅಂತ ಶೋರೂಮಿನಲ್ಲಿ ಹೇಳುತ್ತಾರೆ. ಯಾರ ಜೀವಮಾನ ಅಂತ ಕೇಳಬೇಕು! ಲೋಡ್ ಎಳೆಯುವ, ಪೇಟೆಯಲ್ಲಿ ಓಡುವ ಗಾಡಿಗಳಿಗೆ ಕಠಿಣ ಬಳಕೆ ಎಂಬ ಬೇರೆ ಪಟ್ಟಿ ಪುಸ್ತಕದಲ್ಲಿ ಇರುತ್ತದೆ, ಅದನ್ನು ನೋಡಿ. ರೇಡಿಯೇಟರಿನ ಮುಂದೆ ಕೆಸರು, ಸತ್ತ ಹುಳ, ದೊಡ್ಡ ಲೈಟು, ಬೋರ್ಡು ಅಡ್ಡ ಬಂದರೆ ಗಾಳಿ ಹೋಗುವುದಿಲ್ಲ. ನಮ್ಮ ಮಳೆಗಾಲಕ್ಕೆ ಇನ್ನೊಂದು ಸಂಗತಿ ಉಂಟು. ಬಿಸಿಯಾದ ಗೇರ್‌ಬಾಕ್ಸ್ ತಟ್ಟನೆ ಆಳದ ನೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ಗಾಳಿ ಕೊಳವೆಯ ಮೂಲಕ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಆಮೇಲೆ ಎಣ್ಣೆ ಗುಲಾಬಿ ಹಾಲಿನ ಹಾಗೆ ಕಾಣುತ್ತದೆ. ಹಾಗೆ ಕಂಡರೆ ಒಂದು ಕಿಲೋಮೀಟರ್ ಕೂಡ ಓಡಿಸಬೇಡಿ.

ಈಗ ನಾನು ಮೊದಲು ಹೇಳಿದ ಸುಟ್ಟ ಗೇರ್‌ಬಾಕ್ಸಿನ ವಿಷಯ. ಒಬ್ಬ ತಾಯಿ ನಮ್ಮ ಕಚೇರಿಗೆ ಬಂದಿದ್ದರು. ಮಗ ಗಲ್ಫಿನಲ್ಲಿ ಡೆಲಿವರಿ ಪಿಕಪ್ ಓಡಿಸುತ್ತಿದ್ದ. ಗೇರ್‌ಬಾಕ್ಸ್ ಹೋಯಿತು, ಧಣಿ ತಿಂಗಳು ತಿಂಗಳು ಅರ್ಧ ಸಂಬಳ ಹಿಡಿಯುತ್ತಿದ್ದರು. ಹುಡುಗ ಕ್ಲಚ್ ಗಾಡಿಯಲ್ಲಿ ಕಲಿತವನು. ಬೇಸಗೆಯಲ್ಲಿ 45 ಡಿಗ್ರಿ ದಾಟುವ ಆ ಊರಿನಲ್ಲಿ ದಿನಕ್ಕೆ ನಲವತ್ತು ಅಂಗಡಿ, ಪ್ರತಿ ಅಂಗಡಿಯ ಎದುರು 'ಡಿ'ಯಲ್ಲೇ ಬ್ರೇಕ್ ಹಿಡಿದು ಕೂರುತ್ತಿದ್ದ. ಅದು ಅವನ ಪಾಲು. ಆದರೆ ಆ ಗಾಡಿಯ ಗೇರ್ ಎಣ್ಣೆಯನ್ನು ಯಾವಾಗ ಬದಲಿಸಿದ್ದರು, ಕೂಲರ್ ಯಾವ ಸ್ಥಿತಿಯಲ್ಲಿತ್ತು, ಎಷ್ಟು ಭಾರ ಹಾಕುತ್ತಿದ್ದರು? ಅದನ್ನು ಯಾರೂ ಕೇಳಲಿಲ್ಲ. ಕೇಳಬೇಕು ಅಂತ ಅವನಿಗೂ ಗೊತ್ತಿರಲಿಲ್ಲ. "ನೀನು ಸುಟ್ಟೆ" ಅಂದರು, ಇವನು ತಲೆ ತಗ್ಗಿಸಿದ.

ನಮ್ಮ ದೇಶದಲ್ಲಿ 1936ರ ವೇತನ ಪಾವತಿ ಕಾಯ್ದೆಯಲ್ಲೇ ಒಂದು ಮಾತು ಬರೆದಿತ್ತು, 2019ರ ವೇತನ ಸಂಹಿತೆಯಲ್ಲೂ ಅದು ಉಂಟು. ನೌಕರನ ವಶಕ್ಕೆ ಕೊಟ್ಟ ವಸ್ತು ಹಾಳಾದರೆ, ಆ ಹಾನಿ ನೇರವಾಗಿ ಅವನ ನಿರ್ಲಕ್ಷ್ಯದಿಂದ ಆಗಿದ್ದರೆ ಮಾತ್ರ ಸಂಬಳದಿಂದ ಹಿಡಿಯಬಹುದು. ಹಿಡಿಯುವ ಮೊದಲು ಅವನ ವಿವರಣೆಗೆ ಅವಕಾಶ ಕೊಡಬೇಕು. ಹಾನಿಗಿಂತ ಹೆಚ್ಚು ಹಿಡಿಯುವಂತಿಲ್ಲ. ಆದರೆ ವಿವರಣೆ ಕೊಡಲು ಕೈಯಲ್ಲಿ ಏನಾದರೂ ಇರಬೇಕಲ್ಲ? ಗಲ್ಫಿನಲ್ಲಿ ಆಯಾ ದೇಶದ ಕಾನೂನು. ಹೊರಡುವ ಮೊದಲೇ ಕರಾರಿನಲ್ಲಿ ವಾಹನ ಹಾನಿಯ ಬಗ್ಗೆ ಏನು ಬರೆದಿದೆ ಅಂತ ತಿಳಿದವರಿಂದ ಓದಿಸಿಕೊಳ್ಳಿ. ಅಲ್ಲಿ ತೊಂದರೆಯಾದರೆ ನಮ್ಮ ರಾಯಭಾರ ಕಚೇರಿ ಉಂಟು, ವಿದೇಶಾಂಗ ಸಚಿವಾಲಯ 2015ರಲ್ಲಿ ಆರಂಭಿಸಿದ ಮದದ್ ಎಂಬ ದೂರು ವ್ಯವಸ್ಥೆಯೂ ಉಂಟು.

ಅದಕ್ಕೇ ನಾನು ಹೇಳುವುದು, ಹತ್ತು ರೂಪಾಯಿಯ ಒಂದು ನೋಟ್‌ಬುಕ್ ಗಾಡಿಯಲ್ಲಿ ಇಟ್ಟುಕೊಳ್ಳಿ. ಗಾಡಿ ಕೈಗೆ ಬಂದ ದಿನ ಕಿಲೋಮೀಟರ್ ಎಷ್ಟು, ಗೇರ್ ಎಣ್ಣೆ ಹಿಂದೆ ಯಾವಾಗ ಬದಲಿಸಿದ್ದು ಅಂತ ಕೇಳಿ ಬರೆಯಿರಿ. "ಗೊತ್ತಿಲ್ಲ" ಅಂದರೆ "ಗೊತ್ತಿಲ್ಲ ಅಂದರು" ಅಂತಲೇ ಬರೆಯಿರಿ. ಅಂಕೆ ಕಾಣುವ ಗಾಡಿಯಾದರೆ ವಾರಕ್ಕೆರಡು ಸಲ ಪೇಟೆಯ ಟ್ರಿಪ್ಪು ಮುಗಿದ ಕೂಡಲೇ ಎಷ್ಟು ಡಿಗ್ರಿ, ಎಷ್ಟು ಲೋಡ್ ಅಂತ ಗುರುತು ಮಾಡಿ. ಮೊದಲು 92 ಇದ್ದದ್ದು ಅದೇ ದಾರಿಯಲ್ಲಿ, ಅದೇ ಲೋಡಿನಲ್ಲಿ 104ಕ್ಕೆ ಬಂದರೆ ಏನೋ ಕೆಟ್ಟಿದೆ ಅಂತ ಅರ್ಥ. ಆಗ ಧಣಿಗೆ ಬಾಯಲ್ಲಿ ಹೇಳಿ, ವಾಟ್ಸ್ಯಾಪಿನಲ್ಲೂ ಕಳಿಸಿ. ಎಚ್ಚರಿಕೆ ದೀಪ ಹತ್ತಿದರೆ ಗಾಡಿ ನಿಲ್ಲಿಸಿದ ಮೇಲೆ ಅದರ ಫೋಟೋ ತೆಗೆಯಿರಿ. ಇದು ಧಣಿಯ ವಿರುದ್ಧ ಪುಸ್ತಕ ಅಲ್ಲ. ಬಾಕ್ಸು ಉಳಿದರೆ ಅವರಿಗೂ ಲಾಭ, ಹಾಗಂತ ಅವರಿಗೂ ತೋರಿಸಬಹುದು.

ಹೊರಗೆ ಅಂಗಳದಲ್ಲಿ ಶಿಬಿರಕ್ಕಾಗಿ ಒಂದು ಆಟೋಮ್ಯಾಟಿಕ್ ಪಿಕಪ್ ತರಿಸಿದ್ದೇವೆ, ರೀಡರ್ ಹಾಕಿ ಇಟ್ಟಿದ್ದಾರೆ. ನಾಲ್ಕು ನಾಲ್ಕು ಜನ ಹೋಗಿ. 'ಡಿ'ಯಲ್ಲಿ ಬ್ರೇಕ್ ಹಿಡಿದು ಎರಡು ನಿಮಿಷ ಕೂತು ಅಂಕೆ ನೋಡಿ, ಆಮೇಲೆ 'ಎನ್'ಗೆ ಹಾಕಿ ಎರಡು ನಿಮಿಷ ನೋಡಿ. ಆಕ್ಸಿಲರೇಟರ್ ಮಾತ್ರ ಯಾರೂ ಒತ್ತಬೇಡಿ, ಗಾಡಿ ಬೇರೆಯವರದ್ದು.